ಮರದ ದೊಡ್ಡ ಕ್ಯಾಮೆರಾ ಮಾರಲು ಹೊರಟವರಿಗೆ

ಹಳೆಯ ಮರದ ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾಗಳನ್ನು, ಅಂದರೆ ದೊಡ್ಡ ಪ್ಲೇಟ್ ಅಥವಾ ಫಿಲ್ಮ್ ಹಾಳೆಯ ಮೇಲೆ ಒಂದೊಂದೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು, ಸರಿಪಡಿಸಿ ಮಾರುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಒಂದೇ ಅರ್ಥ ಬರುವ ಪತ್ರಗಳನ್ನು ಒಂದೇ ಪ್ರಶ್ನೆಯಾಗಿ ಸೇರಿಸಿದ್ದೇವೆ.

ಪ್ರಶ್ನೆ: ನನ್ನ ಬಳಿ ಹಾಫ್ ಪ್ಲೇಟ್ (4¾ × 6½ ಇಂಚು) ಅಳತೆಯ ಮಹಾಗನಿ ಮರದ ಕ್ಯಾಮೆರಾ ಇದೆ. ಎಂಟು ತಿಂಗಳು ಕೂತು ಪಾಲಿಶ್ ಮಾಡಿ, ಹೊಸ ಬೆಲ್ಲೋಸ್ (ಲೆನ್ಸಿಗೂ ಹಿಂಬದಿಗೂ ನಡುವಿನ ಮಡಿಕೆ ಚೀಲ) ಹಾಕಿ, ಒಡೆದಿದ್ದ ಗ್ರೌಂಡ್ ಗ್ಲಾಸ್ (ಚಿತ್ರ ನೋಡಿ ಫೋಕಸ್ ಮಾಡುವ, ಒಂದು ಮೈ ಉಜ್ಜಿದ ಗಾಜು) ಬದಲಿಸಿದ್ದೇನೆ. ಹಿತ್ತಾಳೆ ಲೆನ್ಸ್ ಮತ್ತು ಪ್ಲೇಟನ್ನು ಬೆಳಕು ತಾಗದಂತೆ ಇಟ್ಟು ಕ್ಯಾಮೆರಾಕ್ಕೆ ತೂರಿಸುವ ಮೂರು ಪ್ಲೇಟ್ ಹೋಲ್ಡರ್ ಜೊತೆಗಿವೆ. ಖರ್ಚು, ಶ್ರಮ ಎರಡನ್ನೂ ಸೇರಿಸಿ ಬೆಲೆ ಹೇಳಿದರೆ ಯಾರೂ ಮಾತು ಮುಂದುವರಿಸುವುದಿಲ್ಲ. ಬೆಲೆ ಕಟ್ಟುವುದು ಹೇಗೆ?

ಉತ್ತರ: ಮೊದಲು ಆ ಎಂಟು ತಿಂಗಳನ್ನು ಲೆಕ್ಕದಿಂದ ತೆಗೆದುಹಾಕಿ. ಬೇಸರವಾಗಬಹುದು, ಆದರೆ ಈ ವ್ಯವಹಾರದಲ್ಲಿ ಕೈಕೆಲಸದ ಗಂಟೆಗಳು ವಾಪಸು ಬರುವುದು ಅಪರೂಪ. ಕೊಳ್ಳುವವರು ನೋಡುವುದು ಕ್ಯಾಮೆರಾ ಈಗ ಹೇಗಿದೆ, ಅದರಲ್ಲಿ ಹಳೆಯದೆಷ್ಟು ಹೊಸದೆಷ್ಟು ಎಂಬುದನ್ನು ಮಾತ್ರ.

ಗಿರಾಕಿ ಯಾರು ಎಂಬುದರ ಮೇಲೆ ಬೆಲೆ ಪೂರಾ ಬದಲಾಗುತ್ತದೆ. ಫೋಟೋ ತೆಗೆಯಲು ಕೊಳ್ಳುವವರಿಗೆ ಹೊಸ ಬೆಲ್ಲೋಸ್ ಎಂದರೆ ಲಾಭ. ಬೆಳಕು ಸೋರದಿದ್ದರೆ, ಫೋಕಸ್ ಸರಿ ಕೂತರೆ, ಹೋಲ್ಡರ್ ಇದ್ದರೆ ಅವರಿಗೆ ಸಾಕು. ಸಂಗ್ರಹಕಾರರಿಗೆ ಅದೇ ಹೊಸ ಬೆಲ್ಲೋಸ್ ಒಂದು ಕೊರತೆ. ಮೂಲ ಚರ್ಮ ಬಿರುಕು ಬಿಟ್ಟಿದ್ದರೂ ಅದೇ ಇರಲಿ ಎನ್ನುತ್ತಾರೆ. ಬೈಠಕ್ಕಿನಲ್ಲಿ ಚಂದಕ್ಕೆ ಇಟ್ಟುಕೊಳ್ಳುವವರು ಮರದ ಹೊಳಪು ನೋಡಿ ಕೊಳ್ಳುತ್ತಾರೆ, ಲೆನ್ಸ್ ಯಾವುದೆಂದು ಕೇಳುವುದೂ ಇಲ್ಲ. ನಿಮ್ಮ ಕ್ಯಾಮೆರಾ ಮೊದಲ ಬಗೆಯವರಿಗೆ ಸೇರಿದ್ದು. ಹಾಗಾಗಿ ಪಾಲಿಶ್ ಬಗ್ಗೆ ಕಡಿಮೆ ಹೇಳಿ, ಅದು ಕೆಲಸ ಮಾಡುತ್ತದೆ ಎಂಬುದಕ್ಕೆ ಪುರಾವೆ ಹೆಚ್ಚು ಕೊಡಿ. ಆ ಕ್ಯಾಮೆರಾದಲ್ಲೇ ತೆಗೆದ ಒಂದು ನೆಗೆಟಿವ್ ಹತ್ತು ಸಾಲು ವರ್ಣನೆಗಿಂತ ಮೇಲು.

ಬೆಲೆ ಹುಡುಕುವಾಗ ಮಾರಾಟಗಾರರು ಕೇಳುತ್ತಿರುವ ಬೆಲೆಯನ್ನು ನಂಬಬೇಡಿ. ವರ್ಷಗಟ್ಟಲೆ ಮಾರಾಟವಾಗದೆ ಕೂತ ಕ್ಯಾಮೆರಾಗಳ ಬೆಲೆಗಳೇ ಅಲ್ಲಿ ಹೆಚ್ಚು. ಮಾರಾಟ ಮುಗಿದ ಹರಾಜಿನ ಬೆಲೆ ನೋಡಿ. ಅದೇ ಪ್ಲೇಟ್ ಅಳತೆಯ, ಹೋಲ್ಡರ್ ಇರುವ ಆರೇಳು ಉದಾಹರಣೆ ಸಿಕ್ಕರೆ ಅಂದಾಜು ಸಿಗುತ್ತದೆ. ತಯಾರಕರ ಹೆಸರಿಗೂ ತೂಕವಿದೆ: ಗ್ಯಾಂಡಾಲ್ಫಿ, ಸ್ಯಾಂಡರ್ಸನ್, ಡಿಯರ್‌ಡಾರ್ಫ್ ಎಂಬ ಹೆಸರಿನ ಪಟ್ಟಿ ಕ್ಯಾಮೆರಾದ ಮೇಲೆ ಕಂಡರೆ ಜನ ನಿಂತು ನೋಡುತ್ತಾರೆ.

ಇನ್ನು ಆ ಮೂರು ಹೋಲ್ಡರ್‌ಗಳ ವಿಷಯ. ಪುಸ್ತಕದ ಹಾಗೆ ತೆರೆದುಕೊಳ್ಳುವ ಹಳೆಯ ಹೋಲ್ಡರ್‌ಗಳನ್ನು ಬಡಗಿ ಆಯಾ ಕ್ಯಾಮೆರಾಕ್ಕೆ ತಕ್ಕಂತೆ ಉಜ್ಜಿ ಕೂರಿಸುತ್ತಿದ್ದ. ಇನ್ನೊಂದು ಕ್ಯಾಮೆರಾದ ಹಾಫ್ ಪ್ಲೇಟ್ ಹೋಲ್ಡರ್ ನಿಮ್ಮದಕ್ಕೆ ಹೋಗುತ್ತದೆಂಬ ಖಾತ್ರಿ ಇಲ್ಲ. ಹೋಲ್ಡರ್ ಇಲ್ಲದ ಇಂಥ ಕ್ಯಾಮೆರಾ ಬೀಗದ ಕೈ ಕಳೆದುಹೋದ ಪೆಟ್ಟಿಗೆ ಇದ್ದಂತೆ. ಹಿಂಬದಿ ಚೌಕಟ್ಟಿನ ಒಳಗೆ, ತಳದ ಹಲಗೆಯ ಅಡಿ, ಹೋಲ್ಡರ್‌ನ ಅಂಚಿನಲ್ಲಿ ಒತ್ತಿದ ಅಥವಾ ಪೆನ್ಸಿಲ್‌ನಲ್ಲಿ ಬರೆದ ಅಂಕಿ ಇದೆಯೇ ಹುಡುಕಿ. ಎಲ್ಲ ಕಡೆ ಒಂದೇ ಅಂಕಿ ಇದ್ದರೆ ಅವು ಹುಟ್ಟಿನಿಂದ ಜೊತೆಗಿದ್ದವು. ಅದರ ಫೋಟೋ ತೆಗೆದು ಹಾಕಿ.

ಪ್ರಶ್ನೆ: ಲೆನ್ಸ್ ಬಿಚ್ಚಿ ಬೇರೆ ಮಾರಿದರೆ ಹೆಚ್ಚು ಹಣ ಬರುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಲೆನ್ಸ್ ಯಾವುದು ಎಂಬುದರ ಮೇಲೆ. 1840ರಲ್ಲಿ ಬಂದ ಪೆಟ್ಜ್‌ವಾಲ್ ಮಾದರಿಯ ಭಾವಚಿತ್ರದ ಲೆನ್ಸ್ ಆದರೆ ಹೌದು, ಕ್ಯಾಮೆರಾಕ್ಕಿಂತ ಲೆನ್ಸಿಗೇ ಹೆಚ್ಚು ಬೆಲೆ ಬರುವುದುಂಟು. 1866ರ ನಂತರ ಲೆಕ್ಕವಿಲ್ಲದಷ್ಟು ತಯಾರಾದ ರ‍್ಯಾಪಿಡ್ ರೆಕ್ಟಿಲಿನಿಯರ್ ಆದರೆ ಕ್ಯಾಮೆರಾದ ಜೊತೆಗೇ ಇರಲಿ. ಅದು ಬಿಡಿಯಾಗಿ ತರುವುದಕ್ಕಿಂತ ಹೆಚ್ಚನ್ನು ಕ್ಯಾಮೆರಾ ಪೂರ್ಣವಾಗಿದೆ ಎಂಬ ಮಾತಿನಿಂದ ತರುತ್ತದೆ.

ಬೇರೆ ಮಾರುವುದೇ ಆದರೆ ಫ್ಲೇಂಜ್ ಮರೆಯಬೇಡಿ. ಲೆನ್ಸ್ ಕೂರುವ ಮುಂದಿನ ಹಲಗೆಗೆ, ಅಂದರೆ ಲೆನ್ಸ್ ಬೋರ್ಡಿಗೆ, ಸ್ಕ್ರೂ ಹಾಕಿ ಕೂರಿಸಿದ, ಒಳಗೆ ತಿರುಪಿನ ಮರೆ (ಥ್ರೆಡ್) ಇರುವ ಹಿತ್ತಾಳೆ ಉಂಗುರವೇ ಫ್ಲೇಂಜ್. ಹಳೆಯ ಲೆನ್ಸ್‌ಗಳ ಮರೆಗೆ ಎಲ್ಲರೂ ಪಾಲಿಸುವ ಒಂದೇ ಅಳತೆ ಇರಲಿಲ್ಲ. ಫ್ಲೇಂಜ್ ಬೋರ್ಡಿನಲ್ಲೇ ಉಳಿದು ಲೆನ್ಸ್ ಒಂಟಿಯಾಗಿ ಹೋದರೆ, ಕೊಂಡವರು ಲೇತ್ ಕೆಲಸದವರ ಹತ್ತಿರ ಹೊಸದು ಕಡೆಸಬೇಕು. ಪೆಟ್ಜ್‌ವಾಲ್ ಲೆನ್ಸ್‌ನ ಕೊಳವೆಯ ಮೇಲೆ ಒಂದು ಸೀಳು ಇದ್ದರೆ, ಅದರೊಳಗೆ ಇಳಿಸುವ ತೂತಿನ ತಗಡುಗಳು, ಅಂದರೆ ವಾಟರ್‌ಹೌಸ್ ಸ್ಟಾಪ್‌ಗಳು, ಎಷ್ಟಿವೆ ಎಂದು ಬರೆಯಿರಿ. ಒಂದೂ ಇಲ್ಲದಿದ್ದರೆ ಇಲ್ಲ ಎಂದೇ ಬರೆಯಿರಿ.

ಲೆನ್ಸ್ ಮೇಲಿನ ಅಂಕಿಗಳಲ್ಲೂ ಎಡವುವ ಜಾಗವೊಂದಿದೆ. ಕೆಲವು ಹಳೆಯ ಲೆನ್ಸ್, ಶಟರ್‌ಗಳ ಮೇಲೆ 4, 8, 16, 32, 64 ಎಂದಿರುತ್ತದೆ. ಅದು ಲೆನ್ಸ್ ಎಷ್ಟು ತೆರೆದಿದೆ ಎಂದು ಹೇಳುವ, ಯೂನಿಫಾರ್ಮ್ ಸಿಸ್ಟಮ್ ಎಂಬ ಹಳೆಯ ಕ್ರಮ. ಇಂದಿನ ಎಫ್ ಅಂಕಿಯಂತೆ ಇದರಲ್ಲೂ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆದಿರುತ್ತದೆ. ಅದರ 4 ಎಂದರೆ ಇಂದಿನ ಎಫ್/8, 8 ಎಂದರೆ ಎಫ್/11, 32 ಎಂದರೆ ಎಫ್/22, 64 ಎಂದರೆ ಎಫ್/32. ಎರಡೂ ಕ್ರಮ ಕೂಡುವುದು 16ರಲ್ಲಿ ಮಾತ್ರ. ‘ಎಫ್/4 ಲೆನ್ಸ್’ ಎಂದು ಜಾಹೀರಾತು ಕೊಟ್ಟು ಎಫ್/8 ಲೆನ್ಸ್ ಕಳಿಸಿದರೆ ಸುಳ್ಳು ಹೇಳಿದ ಹಾಗಾಗುತ್ತದೆ, ನಿಮಗೆ ಗೊತ್ತಿಲ್ಲದೆ ಆಗಿದ್ದರೂ.

ಕತ್ತಲಲ್ಲಿ ಲೆನ್ಸಿನ ಹಿಂದಿನಿಂದ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಜೇಡರ ಬಲೆಯ ಎಳೆಗಳಂತೆ ಕಂಡರೆ ಫಂಗಸ್. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಅರ್ಧಚಂದ್ರ ಕಂಡರೆ ಎರಡು ಗಾಜುಗಳ ನಡುವಿನ ಬಾಲ್ಸಮ್ ಅಂಟು ಬಿಡುತ್ತಿದೆ. ಒರೆಸಿದರೆ ಇದು ಹೋಗುವುದಿಲ್ಲ, ಬಿಸಿಮಾಡಿ ಮತ್ತೆ ಅಂಟಿಸುವ ಸಾಹಸಕ್ಕೂ ಹೋಗಬೇಡಿ, ಹಾಗೇ ಫೋಟೋ ಹಾಕಿ. ಪೆಟ್ಜ್‌ವಾಲ್ ಒರೆಸಲು ಬಿಚ್ಚಿದ್ದರೆ ಹಿಂದಿನ ಜೋಡಿಯನ್ನು ಇನ್ನೊಮ್ಮೆ ಪರೀಕ್ಷಿಸಿ. ಆ ಎರಡು ಗಾಜುಗಳ ನಡುವೆ ಉಂಗುರವೊಂದಿದ್ದು ಗಾಳಿಯ ಜಾಗ ಇರುತ್ತದೆ. ಒಂದು ಗಾಜು ತಿರುವುಮುರುವಾದರೆ ಇಡೀ ಚಿತ್ರ ಮಂಜು ಮಂಜಾಗುತ್ತದೆ.

ಪ್ರಶ್ನೆ: ನಾನು ಮಾರಿದ ಕ್ಯಾಮೆರಾ ವಾಪಸು ಬಂತು. ಗಾಜಿನ ಮೇಲೆ ಸ್ಪಷ್ಟವಾಗಿ ಕಂಡದ್ದು ಫಿಲ್ಮ್‌ನಲ್ಲಿ ಮಸುಕಾಗಿ ಬರುತ್ತದೆ ಎಂಬ ದೂರು. ಲೆನ್ಸ್ ಚೆನ್ನಾಗಿಯೇ ಇದೆ. ತಪ್ಪೆಲ್ಲಿ?

ಉತ್ತರ: ಹಿಂಬದಿಯಲ್ಲಿ. ಸರಿಪಡಿಸಿದ ಕ್ಯಾಮೆರಾಗಳಲ್ಲಿ ಅತಿ ಹೆಚ್ಚು ಕಾಣುವ, ಮಾರುವವರು ಅತಿ ಕಡಿಮೆ ಪರೀಕ್ಷಿಸುವ ದೋಷ ಇದು. ಗ್ರೌಂಡ್ ಗ್ಲಾಸ್‌ನ ಉಜ್ಜಿದ ಮೈ ಎಲ್ಲಿರುತ್ತದೋ, ಹೋಲ್ಡರ್ ತೂರಿಸಿದಾಗ ಫಿಲ್ಮ್‌ನ ಮೈ ಅಲ್ಲೇ ಬಂದು ನಿಲ್ಲಬೇಕು. ಸರಿಪಡಿಸುವ ಕೆಲಸವೇ ಆ ಜಾಗವನ್ನು ಕದಲಿಸಿರುತ್ತದೆ.

ಗಾಜು ಬದಲಿಸಿದ್ದರೆ ಮೊದಲು ಅದು ಉಲ್ಟಾ ಕೂತಿದೆಯೇ ನೋಡಿ. ಉಜ್ಜಿದ ಮೈ ಲೆನ್ಸ್ ಕಡೆಗಿರಬೇಕು. ಕಣ್ಣಿಗೆ ತಿಳಿಯದಿದ್ದರೆ ಮೂಲೆಯಲ್ಲಿ ಪೆನ್ಸಿಲ್‌ನಿಂದ ಒಂದು ಗೀಟು ಎಳೆಯಿರಿ: ಉಜ್ಜಿದ ಮೈ ಮೇಲೆ ಗೀಟು ಮೂಡುತ್ತದೆ, ನುಣುಪು ಮೈ ಮೇಲೆ ಜಾರುತ್ತದೆ. 2 ಮಿ.ಮೀ. ದಪ್ಪದ ಗಾಜು ಉಲ್ಟಾ ಕೂತರೆ ಫೋಕಸ್ ಸುಮಾರು 1.3 ಮಿ.ಮೀ. ತಪ್ಪುತ್ತದೆ. ಪೂರಾ 2 ಅಲ್ಲ, ಏಕೆಂದರೆ ಗಾಜಿನೊಳಗೆ ಹಾದುಬರುವ ಬೆಳಕು ಅದರ ದಪ್ಪದ ಮೂರನೇ ಒಂದು ಪಾಲಿನಷ್ಟು ಹಿಂದಕ್ಕೆ ಹೋಗಿ ಕೂಡುತ್ತದೆ. ಹೊಳಪು ಹೆಚ್ಚಲೆಂದು ಲೆನ್ಸ್ ಕಡೆಗೆ ಫ್ರೆನೆಲ್ ಹಾಳೆ (ಸಣ್ಣ ವೃತ್ತ ಗೆರೆಗಳ, ಚಪ್ಪಟೆ ಲೆನ್ಸಿನಂಥ ಪ್ಲಾಸ್ಟಿಕ್ ಹಾಳೆ) ಸೇರಿಸಿದ್ದರೂ ಇದೇ ಮೂರನೇ ಒಂದರ ಲೆಕ್ಕ.

ಗಾಜು ಸರಿಯಾಗಿದ್ದರೆ ಅದು ಕೂರುವ ಮೆಟ್ಟಿಲನ್ನು ನೋಡಿ. ಚೌಕಟ್ಟಿಗೆ ಪಾಲಿಶ್ ಬಳಿಯುವಾಗ ಆ ಮೆಟ್ಟಿಲಿಗೂ ನಾಲ್ಕು ಕೋಟ್ ಬಿದ್ದಿರುತ್ತದೆ, ಒಂದು ಮೂಲೆಯಲ್ಲಿ ಗಡ್ಡೆಗಟ್ಟಿ ನಿಂತಿರುತ್ತದೆ. ಅಥವಾ ಸ್ಯಾಂಡ್ ಪೇಪರ್ ಹಾಕಿ ಮಟ್ಟ ಮಾಡುವ ಉತ್ಸಾಹದಲ್ಲಿ ಹೋಲ್ಡರ್ ಒರಗುವ ಮೈಯನ್ನೇ ತೆಳುವಾಗಿಸಿರುತ್ತಾರೆ.

ಅಳೆಯುವ ಕ್ರಮ ಹೀಗೆ. ಹಾಳಾದ ಒಂದು ಫಿಲ್ಮ್ ಹಾಳೆಯನ್ನು ಹೋಲ್ಡರ್‌ಗೆ ತುಂಬಿ ಫಿಲ್ಮ್ ಮುಚ್ಚುವ ಜಾರು ಹಲಗೆಯನ್ನು, ಅಂದರೆ ಡಾರ್ಕ್ ಸ್ಲೈಡನ್ನು, ಎಳೆದುಬಿಡಿ. ಹೋಲ್ಡರ್‌ನ ಯಾವ ಮೈ ಕ್ಯಾಮೆರಾಕ್ಕೆ ಒರಗುತ್ತದೋ ಅದರ ಮೇಲೆ ಅಡ್ಡಲಾಗಿ ಉಕ್ಕಿನ ಪಟ್ಟಿ ಇಟ್ಟು, ವರ್ನಿಯರ್ ಕ್ಯಾಲಿಪರ್‌ನ ಬಾಲದ ಕಡ್ಡಿಯಿಂದ ಪಟ್ಟಿಯ ಮೇಲಂಚಿನಿಂದ ಫಿಲ್ಮ್ ತನಕ ಅಳೆಯಿರಿ. ಪಟ್ಟಿಯ ಎತ್ತರವನ್ನು ಕಳೆಯಿರಿ. ನಡುವೆ ಒಂದು, ಮೂಲೆಗಳಲ್ಲಿ ನಾಲ್ಕು ಅಳತೆ. ಕಡ್ಡಿಯನ್ನು ಒತ್ತಿದರೆ ಫಿಲ್ಮ್ ತಗ್ಗುತ್ತದೆ, ಸೋಕಿಸಿದರೆ ಸಾಕು. ಆಮೇಲೆ ಗ್ರೌಂಡ್ ಗ್ಲಾಸ್ ಚೌಕಟ್ಟಿನಲ್ಲೂ ಅದಕ್ಕೆ ಸರಿಯಾದ ಒರಗು ಮೈಯಿಂದ ಉಜ್ಜಿದ ಮೈ ತನಕ ಅಷ್ಟೇ ಅಳತೆ ತೆಗೆದುಕೊಳ್ಳಿ. 4 × 5 ಇಂಚಿನ ಇಂದಿನ ಹೋಲ್ಡರ್ ತೆಗೆದುಕೊಳ್ಳುವ ಕ್ಯಾಮೆರಾದಲ್ಲಿ ಇದು ಸುಮಾರು 4.8 ಮಿ.ಮೀ. ಇರಬೇಕು. ಹಳೆಯ ಹಾಫ್ ಪ್ಲೇಟ್‌ಗೆ ಹೀಗೆ ನಿಗದಿಯಾದ ಅಂಕಿ ಇಲ್ಲ, ಹೋಲ್ಡರ್ ಮತ್ತು ಗಾಜು ಒಂದಕ್ಕೊಂದು ಹೊಂದಿದರೆ ಆಯಿತು.

ಎಷ್ಟು ವ್ಯತ್ಯಾಸ ನಡೆಯುತ್ತದೆ? 0.1 ಮಿ.ಮೀ. ಮಸುಕನ್ನು ಒಪ್ಪಿಕೊಂಡರೆ ಎಫ್/8ರಲ್ಲಿ ಎರಡೂ ಕಡೆಗೆ 0.8 ಮಿ.ಮೀ., ಎಫ್/4ರಲ್ಲಿ 0.4 ಮಿ.ಮೀ. ಹಾಗಾಗಿ ಎಫ್/8 ಲೆನ್ಸ್ ಹಾಕಿ ನೀವು ಪರೀಕ್ಷಿಸಿದಾಗ ಕಾಣದ ದೋಷ, ಕೊಂಡವರು ಅದಕ್ಕಿಂತ ಹೆಚ್ಚು ತೆರೆಯುವ ಪೆಟ್ಜ್‌ವಾಲ್ ಹಾಕಿದ ದಿನ ಎದ್ದು ಬರುತ್ತದೆ. ನಿಮ್ಮ ದೂರಿನ ಮೂಲವೂ ಇದೇ ಆಗಿರಬಹುದು.

ಅಳತೆಯ ನಂತರ ಚಿತ್ರದ ಪರೀಕ್ಷೆ. ಸ್ಕೇಲೊಂದನ್ನು ಕ್ಯಾಮೆರಾಕ್ಕೆ 45 ಡಿಗ್ರಿ ಓರೆಯಾಗಿ ಇಟ್ಟು, ಲೆನ್ಸ್ ಪೂರ್ತಿ ತೆರೆದು, ನಡುವಿನ ಅಂಕಿಗೆ ಫೋಕಸ್ ಮಾಡಿ ಒಂದು ನೆಗೆಟಿವ್ ತೆಗೆಯಿರಿ. ನಡುವಿನ ಅಂಕಿಗಿಂತ ಕ್ಯಾಮೆರಾದಿಂದ ದೂರದ್ದು ಸ್ಪಷ್ಟವಾಗಿ ಬಂದರೆ ಫಿಲ್ಮ್ ಲೆನ್ಸಿಗೆ ಹತ್ತಿರ ಇದೆ, ಅಂದರೆ ಗಾಜು ತುಂಬಾ ಹಿಂದೆ ಕೂತಿದೆ. ಮೆಟ್ಟಿಲಿನ ಪಾಲಿಶ್ ಕೆರೆದು ತೆಗೆಯಿರಿ. ಕ್ಯಾಮೆರಾಕ್ಕೆ ಹತ್ತಿರದ್ದು ಸ್ಪಷ್ಟವಾದರೆ ಗಾಜು ಮುಂದೆ ಬಂದಿದೆ. ಮೆಟ್ಟಿಲಿಗೆ ಕಾಗದದ ಪಟ್ಟಿ ಅಂಟಿಸಿ ಹಿಂದಕ್ಕೆ ಸರಿಸಿ. ಸಾಮಾನ್ಯ ಬರೆಯುವ ಹಾಳೆ ಸುಮಾರು 0.1 ಮಿ.ಮೀ. ದಪ್ಪ, ಲೆಕ್ಕ ಸುಲಭ.

ಪ್ಲೇಟ್ ಹೋಲ್ಡರ್‌ಗೆ ಫಿಲ್ಮ್ ಹಾಕುವಾಗ ಫಿಲ್ಮನ್ನು ಪ್ಲೇಟಿನ ಹಾಗೆ ನೆಟ್ಟಗೆ ಹಿಡಿಯುವ ತಗಡಿನ ಫಿಲ್ಮ್ ಶೀತ್ ಬಳಸಿದ್ದಾರೆಯೇ ಎಂದೂ ಕೇಳಿ. ಬರಿ ಫಿಲ್ಮ್ ಸುಮಾರು 0.18 ಮಿ.ಮೀ. ದಪ್ಪ, ಗಾಜಿನ ಪ್ಲೇಟಿನ ಜಾಗದಲ್ಲಿ ಅದು ಬಾಗಿ ನಿಲ್ಲುತ್ತದೆ. ಆ ತಪ್ಪು ನಿಮ್ಮ ಕ್ಯಾಮೆರಾದ್ದಲ್ಲ.

ಪ್ರಶ್ನೆ: ಹಿತ್ತಾಳೆ ಭಾಗಗಳನ್ನು ಥಳಥಳ ಹೊಳೆಯುವಂತೆ ತಿಕ್ಕಿ ಮಾರಬೇಕೆ? ಮರಕ್ಕೆ ಪಾಲಿಯುರೆಥೇನ್ ವಾರ್ನಿಷ್ ಆಗುತ್ತದೆಯೇ?

ಉತ್ತರ: ಎರಡೂ ಬೇಡ. ಹಳೆಯ ಹಿತ್ತಾಳೆಯ ಮೇಲೆ ಚಿನ್ನದ ಛಾಯೆಯ ಲ್ಯಾಕರ್ ಇರುತ್ತದೆ. ಪಾಲಿಶ್ ಹಾಕಿ ತಿಕ್ಕಿದರೆ ಮೊದಲು ಹೋಗುವುದೇ ಅದು, ಕೆತ್ತಿದ ಅಕ್ಷರಗಳ ಅಂಚೂ ಸವೆಯುತ್ತದೆ. ಮರದ ಮೂಲ ಪಾಲಿಶ್ ಅರಗಿನದೇ (ಶೆಲಾಕ್) ಎಂದು ತಿಳಿಯಲು ಕಾಣದ ಜಾಗದಲ್ಲಿ ಒಂದು ಹನಿ ಸ್ಪಿರಿಟ್ ಬಿಡಿ. ಒಂದೆರಡು ನಿಮಿಷದಲ್ಲಿ ಅಂಟಂಟಾದರೆ ಅರಗು. ಹಾಗಿದ್ದಲ್ಲಿ ಅದರ ಮೇಲೆ ಅರಗಿನದೇ ತೆಳು ಕೋಟ್ ಹಾಕಬಹುದು. ಪಾಲಿಯುರೆಥೇನ್ ಹಾಕಿದ್ದೇ ಆದರೆ ಮುಂದೆ ಯಾರಾದರೂ ತೆಗೆಯಬೇಕೆಂದರೆ ಮರವನ್ನೇ ಉಜ್ಜಬೇಕು.

ಸ್ಕ್ರೂಗಳಿಗೂ ಇದೇ ಮಾತು. 1930ರ ದಶಕದ ನಡುಭಾಗದ ತನಕ ಪ್ಲಸ್ ತಲೆಯ ಸ್ಕ್ರೂ ಬಳಕೆಗೇ ಬಂದಿರಲಿಲ್ಲ. 1890ರ ಕ್ಯಾಮೆರಾದಲ್ಲಿ ಅಂಥದೊಂದು ಕಂಡರೆ, ಇನ್ನೇನೇನು ಬದಲಾಗಿದೆಯೋ ಎಂಬ ಅನುಮಾನ ಕೊಳ್ಳುವವರಿಗೆ ಶುರುವಾಗುತ್ತದೆ. ಸೀಳು ತಲೆಯ ಹಿತ್ತಾಳೆ ಸ್ಕ್ರೂ ಹಾಕಿ.

ಪ್ರಶ್ನೆ: ಬೆಲ್ಲೋಸ್‌ನಲ್ಲಿ ಬೆಳಕು ಸೋರುವುದಿಲ್ಲ ಎಂದು ದೂರದ ಗಿರಾಕಿಗೆ ತೋರಿಸುವುದು ಹೇಗೆ?

ಉತ್ತರ: ಕತ್ತಲೆ ಕೋಣೆಯಲ್ಲಿ ಬೆಲ್ಲೋಸ್ ಪೂರ್ತಿ ಎಳೆದು, ಒಳಗೆ ಎಲ್‌ಇಡಿ ಟಾರ್ಚ್ ಇಟ್ಟು, ಹಿಂಬದಿಯನ್ನು ಕಪ್ಪು ಬಟ್ಟೆಯಿಂದ ಮುಚ್ಚಿ. ಕಣ್ಣು ಕತ್ತಲಿಗೆ ಒಗ್ಗಲು ಹತ್ತು ನಿಮಿಷ ಬೇಕು. ಆತುರಪಟ್ಟರೆ ಸಣ್ಣ ತೂತು ಕಾಣುವುದಿಲ್ಲ. ಮಡಿಕೆಗಳ ಮೂಲೆಯನ್ನೇ ನೋಡಿ, ಬಟ್ಟೆ ಅಥವಾ ಚರ್ಮ ನಾಲ್ಕು ಕಡೆಗೆ ಮಡಚಿಕೊಳ್ಳುವುದು ಅಲ್ಲಿ. ಬೆಲ್ಲೋಸ್ ಚೌಕಟ್ಟಿಗೆ ಅಂಟಿದ ಗೆರೆಯನ್ನೂ ಬಿಡಬೇಡಿ. ಟಾರ್ಚನ್ನು ಮೆಲ್ಲಗೆ ತಿರುಗಿಸುತ್ತ ವಿಡಿಯೋ ಮಾಡಿ ಕಳಿಸಿ. ಒಂದೆರಡು ತೂತು ಇದ್ದರೆ ಬಾಗುವ ಗುಣದ ಕಪ್ಪು ಬಟ್ಟೆ ಬಣ್ಣವನ್ನು ಒಳಗಿನಿಂದ ತೆಳುವಾಗಿ ಎರಡು ಸಲ ಹಚ್ಚಿ, ಒಣಗಿದ ಮೇಲೆಯೇ ಮಡಿಸಿ. ದಪ್ಪ ಟೇಪ್ ಅಂಟಿಸಿದರೆ ಮಡಿಕೆ ಕೂರುವುದಿಲ್ಲ.

ಹೊಸ ಬೆಲ್ಲೋಸ್ ಹಾಕಿದ ಕ್ಯಾಮೆರಾ ಪೂರ್ತಿ ಮಡಚುತ್ತದೆಯೇ? ಬಟ್ಟೆ ದಪ್ಪವಾದರೆ ಮುಚ್ಚಳ ಮುಚ್ಚುವುದಿಲ್ಲ, ಬಲವಂತ ಮಾಡಿದರೆ ಕೀಲಿನ ಸ್ಕ್ರೂ ಕಿತ್ತು ಬರುತ್ತದೆ. ಮುಚ್ಚಿದ ಸ್ಥಿತಿಯ ಫೋಟೋ ಅದಕ್ಕೇ ಬೇಕು.

ಪ್ರಶ್ನೆ: ಥಾರ್ನ್‌ಟನ್-ಪಿಕಾರ್ಡ್ ರೋಲರ್ ಬ್ಲೈಂಡ್ (ಸುತ್ತಿಕೊಳ್ಳುವ ಪರದೆಯ) ಶಟರ್ ಇದೆ. ವೇಗ ಸರಿಯಿದೆಯೇ ಎಂದು ಹೇಳುವುದು ಹೇಗೆ?

ಉತ್ತರ: ಫೋನಿನಲ್ಲಿ ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ ಇದ್ದರೆ ಸಾಕು. ಶಟರ್ ಹಿಂದೆ ದೀಪ ಇಟ್ಟು ಚಿತ್ರೀಕರಿಸಿ, ಬೆಳಕು ಕಂಡ ಫ್ರೇಮುಗಳನ್ನು ಎಣಿಸಿ: 1/15 ಸೆಕೆಂಡಿಗೆ 16 ಫ್ರೇಮು, 1/30ಕ್ಕೆ 8, 1/60ಕ್ಕೆ 4. ನಾಲ್ಕಕ್ಕಿಂತ ಕಡಿಮೆಯಾದರೆ ಈ ವಿಧಾನ ನಂಬಬೇಡಿ. ವೇಗಕ್ಕಿಂತ ಹೆಚ್ಚಾಗಿ ಒಳಗಿನ ಕಪ್ಪು ಪರದೆ ಒಣಗಿ ಸೀಳಿದೆಯೇ, ಎಳೆಯುವ ದಾರ ಗಟ್ಟಿಯಿದೆಯೇ ನೋಡಿ. ಮಾರಾಟದ ತನಕ ಸ್ಪ್ರಿಂಗ್ ಸಡಿಲ ಬಿಟ್ಟಿಡಿ.

ಪ್ರಶ್ನೆ: ಜಾಹೀರಾತಿನಲ್ಲಿ ಏನೇನು ಬರೆಯಬೇಕು? ‘ಅದ್ಭುತ ಸ್ಥಿತಿಯಲ್ಲಿದೆ’ ಎಂದರೆ ಸಾಲದೆ?

ಉತ್ತರ: ಸಾಲದು. ‘ಅದ್ಭುತ’ ಎಂಬುದನ್ನು ಎಲ್ಲರೂ ಬರೆಯುತ್ತಾರೆ, ಅಳತೆಯನ್ನು ಯಾರೂ ಬರೆಯುವುದಿಲ್ಲ. ಮಾದರಿ ಇಲ್ಲಿದೆ, ಅಂಕಿಗಳನ್ನು ನಿಮ್ಮ ಕ್ಯಾಮೆರಾಕ್ಕೆ ತಕ್ಕಂತೆ ಬದಲಿಸಿಕೊಳ್ಳಿ:

‘ಹಾಫ್ ಪ್ಲೇಟ್ (4¾ × 6½ ಇಂಚು) ಮಹಾಗನಿ ಫೀಲ್ಡ್ ಕ್ಯಾಮೆರಾ. ತಯಾರಕರ ಹೆಸರಿನ ಪಟ್ಟಿ ಇಲ್ಲ. ಮಡಚಿದಾಗ 23 × 22 × 9 ಸೆಂ.ಮೀ., ಲೆನ್ಸ್ ಬಿಟ್ಟು ತೂಕ 2.1 ಕಿಲೋ. ಬೆಲ್ಲೋಸ್ 9 ಸೆಂ.ಮೀ.ನಿಂದ 42 ಸೆಂ.ಮೀ. ತನಕ. ಲೆನ್ಸ್ ಬೋರ್ಡ್ 95 ಮಿ.ಮೀ. ಚೌಕ. ಮೂಲದ್ದು: ಮರ, ಹಿತ್ತಾಳೆ, ಮೂರು ಹೋಲ್ಡರ್. ಬದಲಾದದ್ದು: ಬೆಲ್ಲೋಸ್, ಗ್ರೌಂಡ್ ಗ್ಲಾಸ್, ತಳದ ಎರಡು ಸ್ಕ್ರೂ. ಮರದ ಮೇಲೆ ಹೊಸ ಅರಗಿನ ಪಾಲಿಶ್. ದೋಷ: ಬಲಗಡೆ ಕಾಲಿನ ಹತ್ತಿರ 4 ಸೆಂ.ಮೀ. ಬಿರುಕು, ಅಂಟಿಸಿದೆ, ಒಂದು ಹೋಲ್ಡರ್‌ನ ಚರ್ಮದ ಕೀಲು ಹರಿದಿದೆ. ಫೋಕಸ್ ಮೂರೂ ಹೋಲ್ಡರ್‌ನಲ್ಲಿ ಪರೀಕ್ಷಿಸಿದೆ.’

ದೋಷದ ಸಾಲು ಓದಿ ಗಿರಾಕಿ ಓಡಿಹೋಗುತ್ತಾರೆ ಎಂಬ ಭಯ ಬೇಡ. ಆ ಸಾಲು ಇರುವುದರಿಂದಲೇ ಉಳಿದ ಸಾಲುಗಳನ್ನು ನಂಬುತ್ತಾರೆ. ಸರಿಪಡಿಸುವ ಮುಂಚಿನ ಫೋಟೋ ಇದ್ದರೆ ಅದನ್ನೂ ಸೇರಿಸಿ.

ಲೆನ್ಸಿನ ಫೋಕಲ್ ಲೆಂಗ್ತ್ ಬರೆದಿರದಿದ್ದರೆ ಸ್ಕೇಲನ್ನು ಎದುರಿಗಿಟ್ಟು, ಅದರ 5 ಸೆಂ.ಮೀ. ಗಾಜಿನ ಮೇಲೂ 5 ಸೆಂ.ಮೀ. ಆಗಿ ಕಾಣುವ ತನಕ ಕ್ಯಾಮೆರಾವನ್ನೂ ಬೆಲ್ಲೋಸನ್ನೂ ಹೊಂದಿಸಿ. ಸ್ಕೇಲ್‌ನಿಂದ ಗಾಜಿಗೆ ಇರುವ ದೂರವನ್ನು ನಾಲ್ಕರಿಂದ ಭಾಗಿಸಿ. 84 ಸೆಂ.ಮೀ. ಬಂದರೆ ಲೆನ್ಸ್ ಸುಮಾರು 210 ಮಿ.ಮೀ.

ಪ್ರಶ್ನೆ: ಹಾಫ್ ಪ್ಲೇಟ್ ಫಿಲ್ಮ್ ಸಿಗುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ.

ಉತ್ತರ: 5 × 7 ಇಂಚಿನ ಹಾಳೆಯನ್ನು ಒಂದು ಕಡೆ ಕಾಲು ಇಂಚು, ಇನ್ನೊಂದು ಕಡೆ ಅರ್ಧ ಇಂಚು ಕತ್ತರಿಸಿದರೆ ಹಾಫ್ ಪ್ಲೇಟ್ ಆಯಿತು, ಪೂರ್ಣ ಕತ್ತಲಲ್ಲಿ ಕತ್ತರಿಸಬೇಕು ಅಷ್ಟೆ. ಹೋಲ್ ಪ್ಲೇಟ್ (6½ × 8½) ಆದರೆ 8 × 10ರಿಂದ. ಇಲ್‌ಫರ್ಡ್ ಎಂಬ ಫಿಲ್ಮ್ ಕಂಪನಿ ಇಂಥ ಅಪರೂಪದ ಅಳತೆಗಳಿಗೆ ವರ್ಷಕ್ಕೊಮ್ಮೆ ಬೇಡಿಕೆ ಪಡೆದು ಕತ್ತರಿಸಿ ಕೊಡುವ ಪದ್ಧತಿ ಇಟ್ಟುಕೊಂಡಿದೆ. ಫೋಟೋ ಪೇಪರನ್ನೇ ನೆಗೆಟಿವ್ ಆಗಿ ಬಳಸುವವರೂ ಇದ್ದಾರೆ, ಅದನ್ನು ಕೆಂಪು ದೀಪದಲ್ಲೇ ಕತ್ತರಿಸಬಹುದು.

ಪ್ರಶ್ನೆ: ತಯಾರಕರ ಹೆಸರಿನ ಪಟ್ಟಿ ದಂತದ ಹಾಗೆ ಕಾಣುತ್ತದೆ. ಹೊರದೇಶಕ್ಕೆ ಕಳಿಸಬಹುದೇ?

ಉತ್ತರ: ಹೆಚ್ಚಿನವು ಐವರಿನ್, ಅಂದರೆ ದಂತದಂತೆ ಕಾಣಲು ಮಾಡಿದ ಸೆಲ್ಯುಲಾಯ್ಡ್. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಗೆರೆಗಳು ಸಮಾಂತರವಾಗಿ, ಒಂದೇ ಅಂತರದಲ್ಲಿ ಕಂಡರೆ ಅನುಕರಣೆ ಎನ್ನಬಹುದು. ಕಾದ ಸೂಜಿ ಚುಚ್ಚುವ ಪರೀಕ್ಷೆ ಬೇಡವೇ ಬೇಡ, ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುತ್ತದೆ. ನಿಜವಾದ ದಂತವೇ ಆಗಿದ್ದರೆ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅಡಿ ಪರವಾನಗಿ ಇಲ್ಲದೆ ಗಡಿ ದಾಟಿಸುವಂತಿಲ್ಲ. ನೂರು ವರ್ಷ ದಾಟಿದ ವಸ್ತುವಿಗೆ ಕಸ್ಟಮ್ಸ್‌ನಲ್ಲಿ 9706 ಎಂಬ ಬೇರೆ ಶೀರ್ಷಿಕೆ ಇದೆ, ಸಾಮಾನ್ಯ ಕ್ಯಾಮೆರಾ 9006ರಲ್ಲಿ ಬರುತ್ತದೆ. ಸುಂಕ ಬದಲಾಗುವುದರಿಂದ ವಯಸ್ಸಿಗೆ ಆಧಾರ ಇಟ್ಟುಕೊಂಡೇ ಬರೆಯಿರಿ. ಹಳೆಯ ವಸ್ತುಗಳನ್ನು ಹೊರಗೆ ಕಳಿಸಲು ಕೆಲವು ದೇಶಗಳು ಅನುಮತಿ ಕೇಳುತ್ತವೆ, ಅದನ್ನು ಹಣ ಪಡೆಯುವ ಮುಂಚೆಯೇ ವಿಚಾರಿಸಿ.

ಪ್ರಶ್ನೆ: ಬಬಲ್ ರ‍್ಯಾಪ್‌ನಲ್ಲಿ ಸುತ್ತಿ ಕಳಿಸಿದ ಕ್ಯಾಮೆರಾದ ಪಾಲಿಶ್ ಮೇಲೆ ಗುಳ್ಳೆ ಗುಳ್ಳೆ ಗುರುತು ಬಿದ್ದಿದೆ. ಏನಾಯಿತು?

ಉತ್ತರ: ಅರಗಿನ ಪಾಲಿಶ್ ಮುಟ್ಟಿದರೆ ಒಣಗಿದಂತೆ ಇರುತ್ತದೆ, ಒಳಗೆ ಗಟ್ಟಿಯಾಗಲು ವಾರಗಳೇ ಬೇಕು. ಮೇಲಾಗಿ ಬಿಸಿಗೆ ಅರಗು ಮೆದುವಾಗುತ್ತದೆ. ಬಿಸಿಲಿನಲ್ಲಿ ನಿಂತ ವಾಹನದೊಳಗೆ ಪ್ಲಾಸ್ಟಿಕ್ ಗುಳ್ಳೆಗಳು ಒತ್ತಿ ಅಚ್ಚಾಗಿವೆ. ಗುರುತು ಆಳವಿಲ್ಲದಿದ್ದರೆ ಸ್ಪಿರಿಟ್ ತುಸುವೇ ತಾಗಿಸಿದ, ಪಾಲಿಶ್ ಹಚ್ಚುವ ಬಟ್ಟೆಯ ಉಂಡೆಯನ್ನು ಮೇಲೆ ಹಗುರವಾಗಿ ಜಾರಿಸಿದರೆ ಮಟ್ಟವಾಗುತ್ತದೆ.

ಮುಂದಿನ ಸಲ ಪಾಲಿಶ್ ಮುಗಿದ ಮೇಲೆ ಕನಿಷ್ಠ ಒಂದು ತಿಂಗಳು ಕಾಯಿರಿ. ಮೊದಲು ಒಗೆದ ಹತ್ತಿ ಬಟ್ಟೆ, ಅದರ ಮೇಲೆ ಬಬಲ್ ರ‍್ಯಾಪ್, ಗುಳ್ಳೆ ಹೊರಮುಖವಾಗಿ. ಲೆನ್ಸ್ ಬಿಚ್ಚಿ ಬೇರೆ ಡಬ್ಬಿಯಲ್ಲಿಡಿ. ಬೋರ್ಡಿನಲ್ಲೇ ಬಿಟ್ಟರೆ ಒಂದು ಬೀಳಿನಲ್ಲಿ ಆ ಭಾರಕ್ಕೆ ಮುಂದಿನ ಚೌಕಟ್ಟು ಸೀಳುತ್ತದೆ. ಗ್ರೌಂಡ್ ಗ್ಲಾಸ್ ಮೇಲೆ ಅದೇ ಅಳತೆಯ ರಟ್ಟು ಇಟ್ಟು ದಾರ ಕಟ್ಟಿ, ಟೇಪ್ ಬೇಡ. ಹಿತ್ತಾಳೆ ತಿರುಗಣೆಗಳನ್ನು ಬೆರಳ ತುದಿಯಷ್ಟೇ ಬಿಗಿ ಮಾಡಿ. ಪೆಟ್ಟಿಗೆಯೊಳಗೆ ಪೆಟ್ಟಿಗೆ, ನಡುವೆ ಎಲ್ಲ ಕಡೆ 5 ಸೆಂ.ಮೀ. ಮೆತ್ತೆ. ಹೊರ ಪೆಟ್ಟಿಗೆ ಆರಿಸುವಾಗ ಉದ್ದ, ಅಗಲ, ಎತ್ತರ ಸೆಂ.ಮೀ.ನಲ್ಲಿ ಗುಣಿಸಿ 5000ದಿಂದ ಭಾಗಿಸಿ ನೋಡಿ. ಹಲವು ಕೊರಿಯರ್‌ಗಳು ಹಣ ಕೇಳುವುದು ಆ ಕಿಲೋ ಲೆಕ್ಕದಲ್ಲಿ. 45 × 40 × 30ರ ಪೆಟ್ಟಿಗೆ ಎಂದರೆ 10.8 ಕಿಲೋ, ಒಳಗಿರುವುದು ನಾಲ್ಕೇ ಕಿಲೋ ಆದರೂ.